ನಂದಾಯ್ತವ್ವನ ಗುಡ್ಡ

ಊರಿನ ಬಡಗಣ ದಿಕ್ಕಿನ ಕರಿಗಲ್ಲಿನ ಗುಡ್ಡವನ್ನು ಹತ್ತಿದರೆ ನೆತ್ತಿಯಲ್ಲಿ ಕಣದಷ್ಟು ಅಗಲದ ಹಾಸುಬಂಡೆ ಸಿಗುತ್ತದೆ. ಬಂಡೆಯ ಮೈತುಂಬ ಒರಳಿನಂಥ ಗುಂಡಿಗಳು. ಗುಡಿಯಿಲ್ಲ, ವಿಗ್ರಹವಿಲ್ಲ. ದಾರಿಯ ಬೋರ್ಡಿಗೆ ಬಣ್ಣ ಬಳಿದ ಪುಣ್ಯಾತ್ಮ ಇದನ್ನು ‘ನಂದಾದೇವಿ ಬೆಟ್ಟ’ ಎಂದು ಬರೆದು ಹೋಗಿದ್ದಾನೆ. ಅದನ್ನು ಕಂಡಾಗಲೆಲ್ಲ ಊರ ಹಿರಿಯರಿಗೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ. ಯಾವ ನಂದಾದೇವಿ, ಎಲ್ಲಿಯ ನಂದಾದೇವಿ! ಇದು ನಂದಾಯ್ತವ್ವನ ಗುಡ್ಡ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ಊರಿನಲ್ಲಿ ತಿಪ್ಪಕ್ಕ ಎಂಬಾಕೆ ಇದ್ದಳು ಎನ್ನುತ್ತಾರೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಕಂಡವರ ಮನೆಯ ನವಣೆ ಕುಟ್ಟಿ ಮಕ್ಕಳನ್ನು ಸಾಕಿದವಳು. ಮಕ್ಕಳಿಗೆ ಮಕ್ಕಳಾದರೂ ಒನಕೆ ಕೆಳಗಿಡಲಿಲ್ಲ. ಉಣ್ಣುವ ಹೊತ್ತಿಗೆ ಯಾರಾದರೂ “ನೀನೂ ಕೂತ್ಕಳವ್ವ” ಎಂದರೆ ಅವಳದು ಒಂದೇ ಉತ್ತರ: “ನಂದಾಯ್ತು, ನೀವು ಉಣ್ರಪ್ಪ.” ಹಸಿದವರಿಗೆ ಅದನ್ನು ನಂಬುವುದೇ ಅನುಕೂಲ. ನಂಬಿದರು.

ಒಂದು ಬೇಸಿಗೆಯಲ್ಲಿ ದಂಡು ಬಂತು. ಊರಿಗೆ ಊರೇ ಸಿಕ್ಕಷ್ಟು ಕಾಳು ಕಟ್ಟಿಕೊಂಡು ಗುಡ್ಡ ಹತ್ತಿತು. ಹೆರಿಗೆಗೆಂದು ತವರಿಗೆ ಬಂದಿದ್ದ ಮೊಮ್ಮಗಳು ಕೆಂಚವ್ವ ತುಂಬಿದ ಬಸುರಿ. ಅವಳನ್ನು ಕೈಹಿಡಿದು ಹತ್ತಿಸಿದವಳು ತಿಪ್ಪಕ್ಕನೇ. ದಂಡು ಬುಡದಲ್ಲೇ ಬೀಡುಬಿಟ್ಟಿತು. ಮೇಲೆ ಒಲೆಯ ಹೊಗೆ ನಿಂತ ದಿನ ಇವರು ಸೋತಂತೆ ಎಂದು ಕೆಳಗಿನವರ ಲೆಕ್ಕಾಚಾರ. ತಿಪ್ಪಕ್ಕ ಹೊಗೆ ನಿಲ್ಲಲು ಬಿಡಲಿಲ್ಲ. ಬಂಡೆಯಲ್ಲೇ ಒರಳು ತೋಡಿಸಿ, ಬೆಳಕು ಹರಿಯುವ ಮೊದಲೇ ಕುಟ್ಟಲು ನಿಲ್ಲುತ್ತಿದ್ದಳು. ಕಾಳು ಕರಗುತ್ತ ಬಂದರೂ ಎಲ್ಲರ ತಟ್ಟೆಗೂ ಒಂದಿಷ್ಟು ಬೀಳುತ್ತಿತ್ತು, ಬಸುರಿಯ ತಟ್ಟೆಗೆ ಒಂದು ಹಿಡಿ ಹೆಚ್ಚೇ. ಆ ಮುದಿ ರಟ್ಟೆಯಲ್ಲಿ ಅಷ್ಟು ಕಸುವು ಎಲ್ಲಿಂದ ಬರುತ್ತಿದೆಯೆಂದು ಕೆಂಚವ್ವ ಬೆರಗಾಗಿ ನೋಡುತ್ತಿದ್ದಳು.

ಒಂದು ದಿನ ಕೆಂಚವ್ವ ಅಜ್ಜಿಯ ಬೋರಲು ಬಿದ್ದಿದ್ದ ಮಣ್ಣಿನ ತಟ್ಟೆಯನ್ನು ಎತ್ತಿ ನೋಡಿದರೆ, ಒಳಗೆ ಕಣಜದ ಹುಳ ಮಣ್ಣಿನ ಗೂಡು ಕಟ್ಟಿದೆ! ಹಾಗಾದರೆ ಇಷ್ಟು ದಿನ ಅಜ್ಜಿ ಬದುಕಿದ್ದು ಮಡಕೆ ತೊಳೆದ ನೀರಿನಲ್ಲೇ?

“ಅಜ್ಜೀ, ನಿನ್ನ ತಟ್ಟೆಯಾಗೆ ಕಣಜ ಮನೆ ಮಾಡೈತೆ.”

“ಸುಮ್ಕಿರೇ ತಾಯಿ! ಒಬ್ಬರ ಕಿವಿಗೆ ಬಿದ್ರೆ ಯಾರ ಗಂಟಲಾಗೂ ತುತ್ತು ಇಳಿಯಲ್ಲ. ಬಾಯಿ ಬಿಟ್ಟೀಯ, ನನ್ನಾಣೆ ಐತೆ.”

ಆಣೆಯನ್ನು ಮೀರುವಂತಿಲ್ಲ, ಅಜ್ಜಿಯನ್ನು ಸಾಯಲು ಬಿಡುವಂತೆಯೂ ಇಲ್ಲ. ಅಂದು ಮಧ್ಯಾಹ್ನ ತಿಪ್ಪಕ್ಕ ಬಡಿಸುತ್ತ ಬಂದಾಗ ಕೆಂಚವ್ವ ತಟ್ಟೆಗೆ ಅಂಗೈ ಅಡ್ಡ ಹಿಡಿದಳು. “ನಂದಾಯ್ತು ಅಜ್ಜಿ. ನೀನು ಉಣ್ಣು.”

“ಯಾವಾಗ ಉಂಡ್ಯೇ? ಎರಡು ಜೀವದವಳು ನೀನು!”

“ನೀನು ಉಂಡಾಗಲೇ ನಾನೂ ಉಂಡೆ.”

ಮುದುಕಿಯ ಕೈಯಲ್ಲಿ ಸೌಟು ಹಾಗೇ ನಿಂತಿತು. ಜೀವನವಿಡೀ ಆಡಿದ ಮಾತು ಇಂದು ಎದುರಿಗೇ ಬಂದು ಕೂತಿದೆ, ಸುಳ್ಳೆಂದರೆ ತನ್ನ ಸುಳ್ಳೂ ಬಯಲಾಗುತ್ತದೆ. ಪಕ್ಕದಲ್ಲಿದ್ದ ಹಿರಿಮಗ ಬೋರಯ್ಯ ಒಮ್ಮೆ ಮಗಳನ್ನು ನೋಡಿದ, ಒಮ್ಮೆ ತಾಯಿಯ ಮೂಳೆಮೂಳೆಯಾದ ತೋಳನ್ನು ನೋಡಿದ. ತಿಳಿಯಿತು. ನಾಚಿಕೆಯಿಂದ ಅವನ ತಲೆ ಬಾಗಿತು. ತನ್ನ ತಟ್ಟೆಯನ್ನು ತಾಯಿಯತ್ತ ಸರಿಸಿ, “ನಂದೂ ಆಯ್ತವ್ವ” ಎಂದ. ಅವನ ಆಚೆಯವನು ಸರಿಸಿದ. ಅವನ ಆಚೆಯವಳೂ ಸರಿಸಿದಳು. ಬಂಡೆಯುದ್ದಕ್ಕೂ ಅದೇ ಮಾತು ಹರಿದುಹೋಯಿತು ಎನ್ನುತ್ತಾರೆ. ಹಸಿದ ಊರಿಗೆ ಊರೇ ತನಗಾಯಿತೆಂದು ಎದ್ದು ನಿಂತಿತು.

ತಿಪ್ಪಕ್ಕ ಕುಸಿದು ಕೂತಳು. “ಹಾಳಾದವಳೇ, ಸೋಲಿಸಿಬಿಟ್ಟೆಯಲ್ಲೇ” ಎಂದು ಮೊಮ್ಮಗಳನ್ನು ಬೈಯುತ್ತ, ಅಳುತ್ತ, ಮೊದಲ ತುತ್ತು ಬಾಯಿಗಿಟ್ಟಳು. ಹೆತ್ತ ಮಕ್ಕಳೇ ಅವಳು ಉಣ್ಣುವುದನ್ನು ಅದುವರೆಗೆ ಕಣ್ಣಾರೆ ಕಂಡಿರಲಿಲ್ಲ. ದೇವರ ಮುಂದೆ ನಿಂತಂತೆ ಉಸಿರು ಬಿಗಿಹಿಡಿದು ನೋಡಿದರು.

ದಂಡು ಏಕೆ ಕಾಲ್ತೆಗೆಯಿತೆಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಮಾತು. ಮಳೆ ಹಿಡಿಯಿತೆಂದು ಕೆಲವರು, ಹೊಗೆ ನಿಲ್ಲದ್ದು ನೋಡಿ ಬೇಸತ್ತಿತೆಂದು ಕೆಲವರು. ಕೆಂಚವ್ವ ಇಳಿದು ಬಂದು ಹೆಣ್ಣುಮಗು ಹೆತ್ತಳು, ಅದಕ್ಕೆ ಎಣ್ಣೆ ತಿಕ್ಕಿ ಎರೆದದ್ದು ತಿಪ್ಪಕ್ಕನೇ ಎಂಬುದರಲ್ಲಿ ಮಾತ್ರ ಎರಡು ಮಾತಿಲ್ಲ.

ಈಗಲೂ ನವಣೆ ಕೊಯ್ಲು ಮುಗಿದ ಮೇಲೆ ಊರವರು ಗುಡ್ಡ ಹತ್ತುತ್ತಾರೆ. ಅಂದು ಅಡುಗೆ ಗಂಡಸರದು. ಪ್ರತಿ ಮನೆಯಲ್ಲೂ ವರ್ಷವೆಲ್ಲ ಬೇಯಿಸಿ ಬಡಿಸಿದ ಹೆಂಗಸರನ್ನು ಬಂಡೆಯ ಮೇಲೆ ಸಾಲಾಗಿ ಕೂರಿಸಿ ಮೊದಲು ಅವರಿಗೆ ಬಡಿಸುತ್ತಾರೆ. ಉಳಿದವರು ಸುತ್ತ ನಿಂತಿರುತ್ತಾರೆ. ನಾಲ್ಕು ಜನರ ಕಣ್ಣೆದುರು ಉಂಡು ರೂಢಿಯಿಲ್ಲದ ಕೆಲವು ಮುದುಕಿಯರು ನಾಚಿ, ಸೆರಗು ಮರೆಮಾಡಿಕೊಂಡು ತಲೆ ತಗ್ಗಿಸಿ ಉಣ್ಣುತ್ತಾರೆ. ಅವರನ್ನು ಯಾರೂ ಅವಸರ ಮಾಡುವುದಿಲ್ಲ.