ಹೊಳೆಯುವ ಗ್ಯಾಲಕ್ಸಿ ಮತ್ತು ಮೇಷ್ಟ್ರ ತಂಗಿ

ಮೈಸೂರಿನ ಕಾಲೇಜೊಂದರಲ್ಲಿ ತಿಪ್ಪೇಸ್ವಾಮಿ ಎಂಬ ಖಗೋಳಶಾಸ್ತ್ರದ ಮೇಷ್ಟ್ರಿದ್ದರು. ಒಂದು ದಿನ ವಿದ್ಯಾರ್ಥಿಯೊಬ್ಬ, "ಸರ್, ಕೆಲವು ಗ್ಯಾಲಕ್ಸಿಗಳ ನಡುಭಾಗ ಮಾತ್ರ ಧಗಧಗ ಹೊಳೆಯುತ್ತಲ್ಲ, ಅವು ಬೇರೆ ಜಾತಿಯವಾ?" ಎಂದು ಕೇಳಿದ.

ಮೇಷ್ಟ್ರು ನಕ್ಕರು. "ಹಾಗೆ ಸುಮ್ಮನೆ ಹೇಳಬಾರದಪ್ಪ. ಅಷ್ಟೇ ತೂಕದ, ಅದೇ ಆಕಾರದ, ಆದರೆ ಹೊಳೆಯದ ಗ್ಯಾಲಕ್ಸಿಯನ್ನು ಹುಡುಕಿ ಪಕ್ಕದಲ್ಲಿಟ್ಟು ನೋಡಬೇಕು. ಆನೆಗೆ ಆಡನ್ನು ಹೋಲಿಸಿದರೆ ಏನು ತಿಳಿಯುತ್ತೆ? ಜೋಡಿಯಾಗಿ ನೋಡು, ಎರಡರ ನಡುಭಾಗದಲ್ಲೂ ದೊಡ್ಡ ಕಪ್ಪುಕುಳಿ ಇರುತ್ತೆ. ಒಂದಕ್ಕೆ ಈಗ ಅನಿಲ ಬಂದು ಬೀಳ್ತಿದೆ, ಹೊಳೀತಿದೆ. ಇನ್ನೊಂದಕ್ಕೆ ಬೀಳ್ತಿಲ್ಲ. ಹೆಚ್ಚುಗಾರಿಕೆ ಗ್ಯಾಲಕ್ಸಿಯದಲ್ಲ, ಅದಕ್ಕೆ ಸಿಕ್ಕ ಮೇವಿನದು."

ಹುಡುಗರು ಚಪ್ಪಾಳೆ ತಟ್ಟಿದರು.

ಅದೇ ಸಂಜೆ ಚಳ್ಳಕೆರೆಯಿಂದ ತಂಗಿ ತಿಪ್ಪಮ್ಮ ಮಗಳು ಅನಸೂಯಳನ್ನು ಕರೆದುಕೊಂಡು ಮನೆಗೆ ಬಂದಳು. ತಂಗಿ ಎಂದರೆ ಮೇಷ್ಟ್ರ ಅವಳಿ. ಒಂದೇ ಬಸಿರು, ಒಂದೇ ಶಾಲೆ, ಲೆಕ್ಕದಲ್ಲಿ ಒಬ್ಬರನ್ನೊಬ್ಬರು ಮೀರಿಸುತ್ತಿದ್ದರು. ಏಳನೇ ಕ್ಲಾಸು ಮುಗಿದಾಗ ಸೋದರಮಾವ ಹುಡುಗನನ್ನು ದಾವಣಗೆರೆಯ ತನ್ನ ಮನೆಯಲ್ಲಿಟ್ಟುಕೊಂಡು ಅನ್ನ ಹಾಕಿ ಓದಿಸಿದ. ಹುಡುಗಿಯನ್ನು ಯಾರೂ ಕರೆಯಲಿಲ್ಲ. ಅವಳು ಕಡಲೆಕಾಯಿ ಸುಲಿಯುವ ಕೂಲಿಗೆ ಹೋದಳು.

"ಇವಳಿಗೆ ಇಲ್ಲಿ ಕಾಲೇಜು ಸೀಟು ಸಿಕ್ಕೈತೆ ಕಣೋ. ಹಾಸ್ಟೆಲ್ ಸಿಗಲಿಲ್ಲ. ನಿನ್ನ ಮನೇಲಿ ಒಂದು ಮೂಲೇಲಿರ್ಲಿ, ಎರಡು ತುತ್ತು ಹಾಕು," ಎಂದಳು ತಿಪ್ಪಮ್ಮ.

ಮೇಷ್ಟ್ರು ಮುಖ ಸಿಂಡರಿಸಿದರು. "ಇನ್ನೊಬ್ಬರ ಮನೇಲಿದ್ದು ಯಾರೂ ಉದ್ಧಾರ ಆಗಲ್ಲ. ಒಳಗೆ ಛಲ ಇರಬೇಕು. ನಾನು ಛಲದಿಂದ ಮೇಲೆ ಬಂದೋನು. ನಿನಗೂ ಅದು ಇದ್ದಿದ್ರೆ ನೀನೂ ಬರ್ತಿದ್ದೆ."

"ಮಾವ ನಿನ್ನ ಛಲ ನೋಡಿ ಅನ್ನ ಹಾಕ್ಲಿಲ್ಲ ಕಣೋ, ಗಂಡುಹುಡುಗ ಅಂತ ಹಾಕಿದ," ಎಂದು ತಿಪ್ಪಮ್ಮ ಎದ್ದಳು. ಮೇಷ್ಟ್ರು ತಡೆಯಲಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ.

ಅನಸೂಯಳ ಸೀಟು ಬೇರೆಯವರ ಪಾಲಾಯಿತು. ಆ ವರ್ಷವೇ ಮೇಷ್ಟ್ರಿಗೆ ದೊಡ್ಡ ಸನ್ಮಾನವಾಯಿತು. ಶಾಲು ಹೊದ್ದು, "ನನಗೆ ಯಾರ ಆಸರೆಯೂ ಇರಲಿಲ್ಲ" ಎಂದು ಭಾಷಣ ಮಾಡಿದರು. ಕೇಳಿದವರು ಕಣ್ಣೊರೆಸಿಕೊಂಡರು. ಎಂಥ ಜನವಪ್ಪಾ! ಅನಸೂಯ ಈಗ ಅಮ್ಮನ ಪಕ್ಕ ಕೂತು ಕಡಲೆಕಾಯಿ ಸುಲಿಯುತ್ತಾಳೆ. ಲೆಕ್ಕದಲ್ಲಿ ಅವಳೂ ಜಾಣೆಯೇ.

ನೀತಿ: ಬೆಳಗದವರನ್ನು ಹಳಿಯುವ ಮೊದಲು, ನಿನಗೆ ಸಿಕ್ಕಿದ್ದು ಅವರಿಗೂ ಸಿಕ್ಕಿತ್ತೇ ಎಂದು ನೋಡು. ಆಕಾಶಕ್ಕೆ ನ್ಯಾಯ ಹೇಳಿ ಒಡಹುಟ್ಟಿದವಳಿಗೆ ಬಾಗಿಲು ಹಾಕುವವನ ವಿದ್ಯೆ ಇದ್ದೂ ಸತ್ತಂತೆ.