ಟ್ರ್ಯಾಕ್ಟರ್ ತಿರುಗುವ ಜಾಗ

ನಿವೃತ್ತ ಇಂಜಿನಿಯರ್ ಸದಾನಂದಯ್ಯನವರು ಮದ್ದೂರಿನ ಹತ್ತಿರ ಐದು ಗುಂಟೆ ಜಾಗ ಕೊಂಡು ಮನೆ ಕಟ್ಟಿಸಿದರು. ಪಕ್ಕದ ಹೊಲದ ಟ್ರ್ಯಾಕ್ಟರ್ ನೋಡಿದ್ದೇ ಆಳು ಮರಿಸ್ವಾಮಿಯನ್ನು ಕರೆದರು. "ನಮಗೆ ಅದಕ್ಕಿಂತ ದೊಡ್ಡದು ಬೇಕು. ಆಗಲ್ಲ ಅಂದರೆ ನಾಳೆಯಿಂದ ಬರಬೇಡ."

ಮರಿಸ್ವಾಮಿ ಆಗಲ್ಲ ಅನ್ನಲಿಲ್ಲ. ಆ ಟ್ರ್ಯಾಕ್ಟರ್ ತಿರುಗೋಕೆ ಎಷ್ಟು ಜಾಗ ಬೇಕೆಂದು ಹಗ್ಗದಲ್ಲಿ ಅಳೆದು ಬಂದು, ಇವರ ಜಮೀನಿನಲ್ಲಿ ಸುಣ್ಣದ ಗೆರೆ ಎಳೆದ. ಗೆರೆ ಜಗಲಿ ಹತ್ತಿ ಯಜಮಾನರ ಕುರ್ಚಿಯ ಕೆಳಗೇ ಹಾದುಹೋಯಿತು.

"ಇದೇನಯ್ಯ?"

"ಟ್ರ್ಯಾಕ್ಟರ್ ತಿರುಗೋ ಜಾಗ, ಸಾರ್. ಇನ್ನೂ ದೊಡ್ಡದಾದರೆ ಅಡುಗೆಮನೆವರೆಗೂ ಹೋಯ್ತದೆ. ಅಮ್ಮಾವ್ರಿಗೆ ಒಂದು ಮಾತು ಹೇಳಿಬಿಡಿ."

ಸದಾನಂದಯ್ಯನವರು ಅಡುಗೆಮನೆ ಕಡೆ ನೋಡಿದರು. "ಹುಲ್ಲು ಕತ್ತರಿಸೋ ಮಿಷನ್ನೇ ಸಾಕು. ಆದರೆ ಅಂಗಡೀಲಿ ಇರೋದರಲ್ಲೆಲ್ಲ ದೊಡ್ಡದು ತಗೋ."

"ಅದನ್ನ ಹೆಗಲಿಗೆ ನೇತುಹಾಕ್ಕೋಬೇಕು ಸಾರ್. ನನ್ನ ಸೊಂಟ ಬಿದ್ದುಹೋಗಿದೆ. ದೊಡ್ಡದಾದರೆ ನೀವೇ ಹಿಡೀಬೇಕು."

ಸದಾನಂದಯ್ಯನವರು ಕುರ್ಚಿಗೆ ಇನ್ನಷ್ಟು ಒರಗಿದರು.

"ಚಿಕ್ಕದೇ ಲಕ್ಷಣ" ಎಂದರು.