ನಾಯಕರು ಕೈ ತೊಳೆದು ಬಂದ ಬಲೆ

“ನಮ್ಮ ಮುತ್ತಾತ ತೊಂಬತ್ತು ದಾಟಿದ ಮೇಲೂ ಹುರಿದ ಹುಣಸೆಬೀಜವನ್ನು ಹಲ್ಲಲ್ಲೇ ಕಟಕಟ ಕಡಿಯುತ್ತಿದ್ದ,” ಎಂದ ಕರಿಬಸಜ್ಜ. ಕಂಡವರು ಯಾರೂ ಉಳಿದಿರಲಿಲ್ಲ. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಸೊಸೆ ಗಂಗವ್ವ ಹ್ಞೂಂ ಅಂದಳು. ಅಷ್ಟು ಸಾಕಾಯಿತು, ಕತೆ ಹೊರಟಿತು.

ಗೊಟ್ಟಿಗುಡ್ಡದ ಪಾಳೆಯಗಾರ ಕಾಟಪ್ಪನಾಯಕ ಒಮ್ಮೆ ಮೀಸೆ ತಿರುವಿ ಹೇಳಿದ: “ಅಡ್ಡಿಯೋ ಬಲೆಯೋ, ಎರಡೂ ಒಂದೇ. ನನ್ನನ್ನು ಯಾವುದೂ ನಿಲ್ಲಿಸದು.”

“ಒಂದೇ ಅಲ್ಲ, ಬುದ್ಧಿ,” ಅಂದ ಆಸ್ಥಾನದ ವಿದೂಷಕ ಓಬಳಯ್ಯ.

“ಹಾಗಾದರೆ ನಾಳೆ ಬೇಟೆಯ ಹೊತ್ತಿಗೆ ತೋರಿಸು. ನನ್ನ ಮೈ ಮುಟ್ಟಕೂಡದು. ತಪ್ಪಿದರೆ ನಿನ್ನ ಮೀಸೆ ನನ್ನದು.”

ಓಬಳಯ್ಯ ಮಕ್ಕಳಿಗೆ ಉಣ್ಣಿಸುವ ಮೊದಲು ಮೀಸೆಗೆ ಎಣ್ಣೆ ಹಚ್ಚುವವನು. ರಾತ್ರಿಯೆಲ್ಲ ಅದನ್ನೇ ಸವರಿಕೊಂಡು ಕೂತ.

ಬೆಳಗ್ಗೆ ಬೇಟೆಯ ದಾರಿಗೆ ಅಡ್ಡಲಾಗಿ ಜಾಲಿಮುಳ್ಳು ಬಿದ್ದಿತ್ತು. ಅದನ್ನು ಹಾಕಿದವನ ಏಳು ತಲೆಮಾರನ್ನೂ ಬೈದು, ನಾಯಕ ಈಟಿಯಲ್ಲಿ ಸರಿಸಿ ದಾಟಿದ. ಮುಂದೆ ಓಬಳಯ್ಯನ ಮನೆ. ಹೋಳಿಗೆಯ ಘಮ ಬೀದಿಗೇ ಬಂದಿತ್ತು.

“ಎರಡು ತುತ್ತು ಉಂಡು ಹೋಗಿ, ಬುದ್ಧಿ.”

ನಾಯಕ ಕೈ ತೊಳೆದು ಪಂಕ್ತಿಯಲ್ಲಿ ಕೂತ, ಗಬಗಬನೆ ಉಂಡ. ಪಕ್ಕದಲ್ಲೊಬ್ಬ ಹಣ್ಣು ಮುದುಕ. ಬಾಯಲ್ಲಿ ಒಂದು ಹಲ್ಲೂ ಇಲ್ಲ. ಮೊದಲ ಹೋಳಿಗೆಯನ್ನೇ ಇನ್ನೂ ಹಾಲಲ್ಲಿ ಕಿವುಚುತ್ತಿದ್ದ. ಪಂಕ್ತಿಯಲ್ಲಿ ವಯಸ್ಸಿಗೆ ಹಿರಿಯನಾದವನು ಏಳುವ ತನಕ ಯಾರೂ ಏಳಬಾರದು, ಅದು ಆ ಸೀಮೆಯ ಕಟ್ಟಳೆ.

ಹೊರಗೆ ಬೇಟೆನಾಯಿಗಳು ಬೊಗಳಿದವು. ಹಂದಿ ಗುಡ್ಡ ದಾಟಿತೆಂದು ಆಳು ಕೂಗಿದ. ಮುದುಕ ಇನ್ನಷ್ಟು ಹಾಲು ಕೇಳಿದ.

“ಓಬಳಯ್ಯ, ಇವರು ಯಾವಾಗ ಏಳ್ತಾರೆ?”

“ಇನ್ನೂ ಮಜ್ಜಿಗೆ ಅನ್ನ ಇದೆ, ಬುದ್ಧಿ.”

“ನಾನು ಏಳ್ತೀನಪ್ಪ.”

“ಏಳಿ. ಬಾಗಿಲಿಗೆ ಅಗುಳಿ ಹಾಕಿಲ್ಲ.”

ನಾಯಕ ಅರ್ಧ ಎದ್ದ. ಅಡುಗೆಮನೆ ಬಾಗಿಲಲ್ಲಿದ್ದ ಹೆಂಗಸರು ಕಣ್ಣರಳಿಸಿ ನೋಡಿದರು. ಮತ್ತೆ ಕೂತ.

“ದಾರಿಯ ಮುಳ್ಳು ಅಡ್ಡಿ ಬುದ್ಧಿ, ಬೈದು ದಾಟಿದಿರಿ. ಇದು ಬಲೆ. ಯಾರೂ ಹಿಡಿದಿಲ್ಲ, ನೀವೇ ಕೈ ತೊಳೆದುಕೊಂಡು ಬಂದಿರಿ.”

ನಾಯಕ ನಕ್ಕ ನಗೆಗೆ ಎಲೆಯೇ ಹಾರಿತು. ಓಬಳಯ್ಯನ ಮೀಸೆಗೆಂದು ಬೆಳ್ಳಿಯ ಬಾಚಣಿಗೆ ಕೊಟ್ಟ.

“ಆ ಮುದುಕ ಯಾರು ಗೊತ್ತೇನವ್ವ?” ಅಜ್ಜ ಎದೆಯುಬ್ಬಿಸಿದ. “ನಮ್ಮ ಮುತ್ತಾತನೇ.”

ಗಂಗವ್ವನ ಕೈ ನಿಂತಿತು. “ಹಲ್ಲೇ ಇರಲಿಲ್ಲ ಅಂದ್ರಲ್ಲ ಮಾವ. ಹುಣಸೆಬೀಜ ಯಾತರಲ್ಲಿ ಕಡಿದರು?”

“ನೋಡು, ಒಳ್ಳೇ ಕತೆಗೆ ಅಡ್ಡಿ ತಂದೆ.”

“ಅಡ್ಡಿ ಅಲ್ಲ ಮಾವ, ಬಲೆ. ನೀವೇ ನಡೆದು ಬಂದಿರಿ.”

ಅಜ್ಜ ಹೆಗಲು ಕುಣಿಯುವಂತೆ ನಕ್ಕು, ಒಂದು ಹಿಡಿ ಅವರೆಕಾಯಿ ಎಳೆದುಕೊಂಡು ಸುಲಿಯತೊಡಗಿದ.